ಹುಣಸೂರಿನ ಸುದ್ದಿಗೆ ಯಾವೂರ ರೈಲು?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ. ಮೈಸೂರು ಜಿಲ್ಲೆಯ ಈ ಮೂರು ಊರುಗಳಲ್ಲಿ ರೈಲು ನಿಲ್ದಾಣ ಇಲ್ಲ, ಹಳಿಯೂ ಇಲ್ಲ. ಹಾಗಾಗಿ ಈ ಊರುಗಳ ಹೆಸರಿರುವ ಸುದ್ದಿಯೊಂದರ ಪಕ್ಕದಲ್ಲಿ ಓಡುವ ರೈಲಿನ ಚಿತ್ರ ಕಂಡರೆ ಅದು ಬೇರೆ ಕಡೆಯದು ಎಂದು ಕೂಡಲೇ ಹೇಳಬಹುದು. ಅದಕ್ಕೆ ಕಂಪ್ಯೂಟರ್ ಬೇಡ, ಪರಿಣತಿಯೂ ಬೇಡ. ಇಷ್ಟು ಸರಳ ವಿಷಯವನ್ನು ನಾವು ಓದುಗರು ಯಾಕೆ ಗಮನಿಸುವುದಿಲ್ಲ ಎಂದು ಹಲವು ಸಲ ಯೋಚಿಸಿದ್ದೇನೆ. ಸುದ್ದಿಯ ಸಾಲುಗಳನ್ನು ಅನುಮಾನದಿಂದ ಓದುವ ನಾವು ಚಿತ್ರವನ್ನು ನೋಡಿದ ತಕ್ಷಣ ನಂಬಿಬಿಡುತ್ತೇವೆ. ಸಾಲು ‘ಪ್ರಸ್ತಾವನೆ’ ಎನ್ನುತ್ತಿರುತ್ತದೆ, ಚಿತ್ರ ‘ಬಂದೇಬಿಟ್ಟಿತು’ ಎನ್ನುತ್ತಿರುತ್ತದೆ. ಮನಸ್ಸಿನಲ್ಲಿ ಉಳಿಯುವುದು ಚಿತ್ರವೇ.

ಕೆ.ಆರ್. ನಗರದ ಮಾತು ಬೇರೆ. ಅಲ್ಲಿ ನಿಜಕ್ಕೂ ನಿಲ್ದಾಣವಿದೆ, ಹಳದಿ ಫಲಕದ ಮೇಲೆ ಊರಿನ ಪೂರ್ತಿ ಹೆಸರು ಕೃಷ್ಣರಾಜನಗರ ಎಂದಿದೆ. ಮೈಸೂರಿನಿಂದ ಹಾಸನ, ಅರಸೀಕೆರೆಗೆ ಹೋಗುವ ಮಾರ್ಗ ಬೆಳಗೊಳ ದಾಟಿ, ಸಾಗರಕಟ್ಟೆಯ ಬಳಿ ಕನ್ನಂಬಾಡಿಯ ಹಿನ್ನೀರಿನ ಮೇಲಿನ ಸೇತುವೆ ಹಾದು, ದೋರನಹಳ್ಳಿ, ಕೆ.ಆರ್. ನಗರ, ಹೊಸ ಅಗ್ರಹಾರದ ಕಡೆಯಿಂದ ಅಕ್ಕಿಹೆಬ್ಬಾಳಿಗೆ ಸಾಗುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಮೀಟರ್ ಗೇಜ್ ಆಗಿ ಹಾಕಿದ ಈ ಹಳಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಶಿವಮೊಗ್ಗ, ತಾಳಗುಪ್ಪದ ಕಡೆಯ ಗಾಡಿಗಳು ಇದರ ಮೇಲೇ ಓಡುತ್ತವೆ. ಅಂದರೆ ಕೆ.ಆರ್. ನಗರದ ರೈಲು ಸುದ್ದಿಗೆ ನಿಜವಾದ ಚಿತ್ರ ಸಿಗುತ್ತದೆ, ಊರಿನವರೊಬ್ಬರು ನಡೆದು ಹೋಗಿ ತೆಗೆದು ತರಬಹುದು. ಅಲ್ಲಿಯ ಸುದ್ದಿಗೂ ಯಾವುದೋ ಊರಿನ ನಿಲ್ದಾಣದ ಚಿತ್ರ ಹಾಕಿದರೆ ಅದಕ್ಕೆ ಯಾವ ಸಬೂಬೂ ಇಲ್ಲ.

ಉಳಿದ ಮೂರು ಊರುಗಳಲ್ಲಿ ಹುಣಸೂರು ಮತ್ತು ಪಿರಿಯಾಪಟ್ಟಣದ ರೈಲು ಸುದ್ದಿ ಎಂದರೆ ಬಹುಪಾಲು ಒಂದೇ ಯೋಜನೆಯದು: ಮೈಸೂರು–ಕುಶಾಲನಗರ ಮಾರ್ಗ. ಬೆಳಗೊಳದಿಂದ ಕವಲೊಡೆದು ಇಲವಾಲ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣದ ಮೇಲೆ ಕುಶಾಲನಗರ ಮುಟ್ಟಬೇಕಾದ ಸುಮಾರು 87 ಕಿ.ಮೀ. ಹಾದಿ ಇದು. 2019ರ ಫೆಬ್ರುವರಿಯಲ್ಲಿ ರೈಲ್ವೆ ಸಚಿವಾಲಯ ಇದಕ್ಕೆ ಸುಮಾರು 1,855 ಕೋಟಿ ರೂಪಾಯಿ ಅಂದಾಜಿನಲ್ಲಿ ಒಪ್ಪಿಗೆ ಕೊಟ್ಟಿತು. ಒಪ್ಪಿಗೆಗೂ ಓಡುವ ಗಾಡಿಗೂ ನಡುವೆ ಬಹಳ ದೂರವಿದೆ. ಇವತ್ತಿಗೂ ರಾಜ್ಯದಲ್ಲಿ ರೈಲು ಕಾಣದ ಜಿಲ್ಲೆ ಕೊಡಗು. ಹುಣಸೂರಿನವರು ಈಗಲೂ ರಾಷ್ಟ್ರೀಯ ಹೆದ್ದಾರಿ 275ರ ಬಸ್ಸನ್ನೇ ನಂಬಿದ್ದಾರೆ. ಎಚ್.ಡಿ. ಕೋಟೆಯವರು ರೈಲು ಹತ್ತಬೇಕಾದರೆ ಮೈಸೂರಿಗೋ ನಂಜನಗೂಡಿಗೋ ಹೋಗಬೇಕು.

ತಪ್ಪು ಚಿತ್ರದಿಂದ ಏನು ನಷ್ಟ ಎಂದು ಕೇಳುವವರಿದ್ದಾರೆ. ಈ ತಾಲ್ಲೂಕುಗಳಲ್ಲಿ ಉತ್ತರ ಸ್ಪಷ್ಟವಾಗಿದೆ: ಜಮೀನು. ಹೊಗೆಸೊಪ್ಪು, ಜೋಳ, ಶುಂಠಿ ಬೆಳೆಯುವ ಎರಡು ಮೂರು ಎಕರೆಯ ಒಡೆಯನಿಗೆ ‘ನಿಲ್ದಾಣ ನಿಮ್ಮೂರ ಪಕ್ಕದಲ್ಲೇ’ ಎಂಬ ಮಾತು ಸಾಲ ಮಾಡಿಸುತ್ತದೆ, ಮಾರಿಸುತ್ತದೆ, ಕೊಳ್ಳಿಸುತ್ತದೆ. ಬಿಳಿ ನೀಲಿ ಬಣ್ಣದ ವಂದೇ ಭಾರತ್ ಚಿತ್ರವಿರುವ ಪತ್ರಿಕೆಯ ತುಣುಕನ್ನು ಬಡಾವಣೆಯ ಕರಪತ್ರದಲ್ಲಿ ಅಂಟಿಸಿ ನಿವೇಶನ ಮಾರುವುದು ಕಷ್ಟದ ಕೆಲಸವಲ್ಲ. ಪತ್ರಿಕೆ ಜಾಗ ತುಂಬಿಸಲು ಹಾಕಿದ ಚಿತ್ರ ಹೀಗೆ ಇನ್ನೊಬ್ಬರ ಕೈಯಲ್ಲಿ ಸಾಕ್ಷಿಯಾಗಿಬಿಡುತ್ತದೆ. ಆದ್ದರಿಂದಲೇ ಇದನ್ನು ಸಣ್ಣ ತಪ್ಪು ಎಂದು ಬಿಡಲು ನನಗೆ ಮನಸ್ಸಿಲ್ಲ.

ತಪ್ಪು ಆಗುವುದು ಎಲ್ಲಿ

ಹುಣಸೂರಿನ ವರದಿಗಾರ ಸಂಜೆ ಸುದ್ದಿ ಕಳಿಸುತ್ತಾನೆ. ಅವನ ಬಳಿ ಮನವಿ ಕೊಡುವ ಫೋಟೊ ಇರುತ್ತದೆ, ರೈಲಿನ ಫೋಟೊ ಇರುವುದಿಲ್ಲ, ಯಾಕೆಂದರೆ ರೈಲೇ ಇಲ್ಲ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಪುಟ ಕಟ್ಟುವ ಉಪಸಂಪಾದಕನಿಗೆ ರಾತ್ರಿ ಪುಟ ಮುಗಿಸುವ ಗಡಿಬಿಡಿ. ಅವನು ಕಚೇರಿಯ ಚಿತ್ರ ಸಂಗ್ರಹದಲ್ಲಿ ‘ರೈಲು’ ಎಂದು ಹುಡುಕುತ್ತಾನೆ, ಮೊದಲು ಬಂದದ್ದನ್ನು ಎತ್ತಿ ಹಾಕುತ್ತಾನೆ. ‘ಸಾಂದರ್ಭಿಕ ಚಿತ್ರ’ ಎಂಬ ಎರಡು ಪದ ಅಡಿಯಲ್ಲಿದ್ದರೆ ಅಷ್ಟರಮಟ್ಟಿಗೆ ಪ್ರಾಮಾಣಿಕತೆ ಉಳಿಯುತ್ತದೆ. ಅದೂ ಬಿಟ್ಟುಹೋದರೆ, ಅಥವಾ ಅದರ ಬದಲು ‘ಹುಣಸೂರು ರೈಲು ಮಾರ್ಗ’ ಎಂದು ಅಡಿಬರಹ ಬಿದ್ದರೆ, ತಪ್ಪು ಅಲ್ಲಿಂದ ಹೊರಟಿತು. ಮರುದಿನ ಅದೇ ಚಿತ್ರ ಸಂಗ್ರಹದೊಳಗೆ ‘ಹುಣಸೂರು’ ಎಂಬ ಹೆಸರಿನಲ್ಲೇ ಸೇರಿ, ಮುಂದಿನ ವರ್ಷ ಇನ್ನೊಬ್ಬ ಉಪಸಂಪಾದಕನ ಕೈಗೆ ಬರುತ್ತದೆ. ಈ ಸಲ ಅವನು ಊರಿನ ಹೆಸರಿನಿಂದಲೇ ಹುಡುಕಿದ್ದಾನೆ, ಅವನದೇನು ತಪ್ಪು?

ಹೆಸರುಗಳ ಗೊಂದಲವೂ ಸೇರಿಕೊಳ್ಳುತ್ತದೆ. ಕೆ.ಆರ್. ನಗರ ಮೈಸೂರು ಜಿಲ್ಲೆಯದು. ಕೆ.ಆರ್. ಪುರ ಅಂದರೆ ಕೃಷ್ಣರಾಜಪುರ ಬೆಂಗಳೂರಿನದು. ಅಲ್ಲಿ ದೊಡ್ಡ ಡೀಸೆಲ್ ಎಂಜಿನ್ ಶೆಡ್ ಇರುವುದರಿಂದ ರೈಲು ಪ್ರಿಯರು ತೆಗೆದ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಕೆ.ಆರ್. ಪೇಟೆ ಮಂಡ್ಯ ಜಿಲ್ಲೆಯದು. ಪಟ್ಟಣದಲ್ಲಿ ನಿಲ್ದಾಣವಿಲ್ಲ, ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆಯಲ್ಲಿ ಇದೆ. ಹುಣಸೂರು ಎಂದು ಇಂಗ್ಲಿಷಿನಲ್ಲಿ ಬೆರಳಚ್ಚಿಸುವಾಗ ಒಂದೆರಡು ಅಕ್ಷರ ಆಚೀಚೆಯಾದರೆ ತಮಿಳುನಾಡಿನ ಹೊಸೂರು ಬರುತ್ತದೆ, ಅಲ್ಲಿ ನಿಲ್ದಾಣವಿದೆ. ಪಿರಿಯಾಪಟ್ಟಣಕ್ಕೆ ಹುಡುಕಿದವರಿಗೆ ಶ್ರೀರಂಗಪಟ್ಟಣ, ಚನ್ನಪಟ್ಟಣದ ಚಿತ್ರ ಎದುರಾಗಬಹುದು. ಕೆಆರ್‌ಎಸ್ ಎಂದರೆ ಅಣೆಕಟ್ಟು, ಕೆಎಸ್‌ಆರ್ ಎಂದರೆ ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣ. ಇವುಗಳಲ್ಲಿ ಎಡವುವುದು ಸುಲಭ. ಅದಕ್ಕಾಗಿ ಅಡಿಬರಹದಲ್ಲಿ ಯಾವಾಗಲೂ ಪೂರ್ತಿ ಹೆಸರು ಮತ್ತು ಜಿಲ್ಲೆ ಇರಬೇಕು ಎಂದು ನಾವು ಒತ್ತಾಯಿಸಬೇಕು.

ಈ ಸೀಮೆಗೇ ವಿಶೇಷವಾದ ಇನ್ನೊಂದು ಗೊಂದಲವಿದೆ. ನಾಗರಹೊಳೆ, ಬಂಡೀಪುರದ ಕಾಡಂಚಿನಲ್ಲಿ ಆನೆ ಬರದಂತೆ ಅರಣ್ಯ ಇಲಾಖೆ ಹಳೆಯ ರೈಲು ಕಂಬಿಗಳನ್ನು ನೆಟ್ಟು ತಡೆ ಕಟ್ಟಿದೆ. ಹುಣಸೂರು, ಎಚ್.ಡಿ. ಕೋಟೆಯ ರೈತರು ದಿನಾ ನೋಡುವ ‘ರೈಲ್ವೆ ಹಳಿ ಬ್ಯಾರಿಕೇಡ್’ ಇದು. ಈ ಊರುಗಳ ಹೆಸರನ್ನು ‘ರೈಲ್ವೆ’ ಪದದೊಂದಿಗೆ ಸೇರಿಸಿ ಹುಡುಕಿದರೆ ಇದರ ಚಿತ್ರವೂ ಬರುತ್ತದೆ. 2018ರ ಡಿಸೆಂಬರ್‌ನಲ್ಲಿ ವೀರನಹೊಸಹಳ್ಳಿ ವಲಯದಲ್ಲಿ ಸಲಗವೊಂದು ಈ ತಡೆಯನ್ನು ದಾಟಲು ಹೋಗಿ ಸಿಕ್ಕಿಕೊಂಡು ಪ್ರಾಣ ಬಿಟ್ಟಿತು. ಆ ಚಿತ್ರ ನೋಡಿದವರಿಗೆ ಇವತ್ತಿಗೂ ಸಂಕಟವಾಗುತ್ತದೆ. ಅದೇ ಚಿತ್ರ ಊರಿನ ಹೆಸರು ಕಳಚಿಕೊಂಡು ‘ರೈಲು ಹಳಿಗೆ ಆನೆ ಬಲಿ’ ಎಂಬ ಸಾಲಿನೊಂದಿಗೆ ಹೊರಗೆ ಹೋದರೆ, ಓದಿದವರು ರೈಲು ಡಿಕ್ಕಿ ಹೊಡೆದು ಸತ್ತಿತು ಎಂದೇ ತಿಳಿಯುತ್ತಾರೆ. ಹಳಿ ನಿಜ, ಆನೆ ನಿಜ, ಸಾವೂ ನಿಜ. ರೈಲು ಮಾತ್ರ ಇರಲಿಲ್ಲ. ನೆಲದ ಮೇಲೆ ಮಲಗಿದ ಜೋಡಿ ಹಳಿ, ಅಡಿಯಲ್ಲಿ ಸ್ಲೀಪರ್, ಜಲ್ಲಿ ಇದ್ದರೆ ಅದು ರೈಲು ಮಾರ್ಗ. ಕಂಬಿಗಳು ಬೇಲಿಯಂತೆ ನಿಂತು ಅಡ್ಡಡ್ಡ ಹಳಿ ಹೊತ್ತಿದ್ದರೆ ಅದು ಆನೆ ತಡೆ.

ಚಿತ್ರದೊಳಗೆ ಏನು ನೋಡಬೇಕು

ಮೊದಲು ಹಳದಿ ಫಲಕ. ನಮ್ಮ ರಾಜ್ಯದ ನಿಲ್ದಾಣಗಳಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೆಸರಿರುತ್ತದೆ, ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದೆ. ತಮಿಳು, ಮಲಯಾಳ, ತೆಲುಗು ಅಕ್ಷರ ಕಂಡರೆ ಗಡಿಯಾಚೆಯದು ಎಂದು ಶಂಕಿಸಿ. ಗಡಿಯ ಕೆಲವು ನಿಲ್ದಾಣಗಳಲ್ಲಿ ನಾಲ್ಕು ಲಿಪಿಯೂ ಇರಬಹುದು, ಕಾಸರಗೋಡಿನ ಕಡೆಯವರಿಗೆ ಇದು ಗೊತ್ತು. ಫಲಕದ ಮೇಲಿನ ಹೆಸರು ಕಾಲವನ್ನೂ ಹೇಳುತ್ತದೆ. ಮೈಸೂರಿನ ಇಂಗ್ಲಿಷ್ ಹೆಸರು Mysore ಹೋಗಿ ಅಧಿಕೃತವಾಗಿ Mysuru ಆದದ್ದು 2014ರ ನವೆಂಬರ್ 1ರಂದು. ಹಳೆಯ ಕಾಗುಣಿತದ ಫಲಕ ಕಂಡರೆ ಚಿತ್ರ ಹಳೆಯದು. ಟಿಪ್ಪು ಎಕ್ಸ್‌ಪ್ರೆಸ್ ಎಂದು ಬೋಗಿಯ ಮೇಲಿದ್ದರೆ ಅದು 2022ರ ಅಕ್ಟೋಬರ್‌ಗೆ ಮುಂಚಿನದು, ಆಮೇಲೆ ಅದು ಒಡೆಯರ್ ಎಕ್ಸ್‌ಪ್ರೆಸ್ ಆಯಿತು.

ಆಮೇಲೆ ಬೋಗಿ. ಪಕ್ಕದಲ್ಲಿ ವಲಯದ ಹೆಸರು ಮತ್ತು ಸಂಖ್ಯೆ ಇರುತ್ತದೆ. ನಮ್ಮದು ನೈಋತ್ಯ ರೈಲ್ವೆ. 2003ರ ಏಪ್ರಿಲ್ 1ರಂದು ಶುರುವಾದ ಈ ವಲಯದ ಕೇಂದ್ರ ಕಚೇರಿ ಹುಬ್ಬಳ್ಳಿ, ವಿಭಾಗಗಳು ಹುಬ್ಬಳ್ಳಿ, ಬೆಂಗಳೂರು, ಮೈಸೂರು. ಬೋಗಿಯ ಸಂಖ್ಯೆಯ ಮೊದಲ ಎರಡು ಅಂಕಿ ಅದು ತಯಾರಾದ ವರ್ಷ. 19ರಿಂದ ಶುರುವಾಗುವ ಸಂಖ್ಯೆಯ ಬೋಗಿ ಇರುವ ಚಿತ್ರವನ್ನು ಯಾರಾದರೂ 2016ರ ಘಟನೆಯದು ಎಂದರೆ ಒಪ್ಪಬೇಕಿಲ್ಲ. ನೀಲಿ ಬಣ್ಣದ ಹಳೆಯ ಮಾದರಿಯ ಬೋಗಿಗಳನ್ನು ಚೆನ್ನೈನ ಪೆರಂಬೂರು ಕಾರ್ಖಾನೆ 2018ರ ಜನವರಿಯಲ್ಲಿ ನಿಲ್ಲಿಸಿತು, ಈಗ ಬರುತ್ತಿರುವುದು ಹೆಚ್ಚಾಗಿ ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಕೆಂಪು ಬೋಗಿ. ಹಳೆಯವು ಇನ್ನೂ ಓಡುತ್ತಿರುವುದರಿಂದ ನೀಲಿ ಎಂದ ಮಾತ್ರಕ್ಕೆ ಹಳೆಯ ಚಿತ್ರ ಎನ್ನಲಾಗದು. ಗಾಢ ಕಂದುಗೆಂಪು ಬಣ್ಣದ ಬೋಗಿಗಳಾದರೆ ಬಹಳ ಹಿಂದಿನವು.

ವಂದೇ ಭಾರತ್ ವಿಷಯದಲ್ಲಿ ದಿನಾಂಕಗಳು ಗೊತ್ತಿದ್ದರೆ ಸಾಕು. ದೇಶದ ಮೊದಲನೆಯದು 2019ರ ಫೆಬ್ರುವರಿ 15ರಂದು ದೆಹಲಿಯಿಂದ ಹೊರಟಿತು. ಚೆನ್ನೈ–ಮೈಸೂರು ಗಾಡಿಗೆ 2022ರ ನವೆಂಬರ್ 11ರಂದು ಚಾಲನೆ ಸಿಕ್ಕಿತು, ದಕ್ಷಿಣ ಭಾರತದ ಮೊದಲ ವಂದೇ ಭಾರತ್ ಅದೇ. ಕೇಸರಿ ಬಣ್ಣದ್ದು ಮೊದಲು ಓಡಿದ್ದು 2023ರ ಸೆಪ್ಟೆಂಬರ್ 24ರಂದು, ಕಾಸರಗೋಡಿನಿಂದ ತಿರುವನಂತಪುರಕ್ಕೆ. ಹಾಗಾಗಿ ಕೇಸರಿ ಗಾಡಿಯ ಚಿತ್ರವನ್ನು ‘ಮೈಸೂರಿಗೆ ಬಂದ ಮೊದಲ ವಂದೇ ಭಾರತ್’ ಎಂದು ಹಾಕಿದ್ದರೆ ಅದು ಸಲ್ಲದು. ಮೂತಿ ಇನ್ನೂ ಉದ್ದವಾಗಿ ಬಾತಿನ ಕೊಕ್ಕಿನ ಹಾಗಿದ್ದರೆ ಅದು ಜಪಾನಿನದೋ ಚೀನಾದದೋ ಬುಲೆಟ್ ರೈಲು.

ಹಳಿಯ ಅಗಲವನ್ನು ಕಣ್ಣಳತೆಯಲ್ಲೇ ನೋಡಬಹುದು. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ., ಮೀಟರ್ ಗೇಜ್ ಸರಿಯಾಗಿ 1,000 ಮಿ.ಮೀ. ಬೋಗಿ ಹಳಿಗಿಂತ ತೀರ ಅಗಲವಾಗಿ ಆಚೀಚೆ ಚಾಚಿಕೊಂಡಂತೆ ಕಂಡರೆ ಮೀಟರ್ ಗೇಜ್. ಹಾಗಿದ್ದರೆ ಅದು ನಮ್ಮ ಸೀಮೆಯ ಹಳೆಯ ಕಾಲದ್ದು, ಇಲ್ಲವೇ ಊಟಿಯ ಗುಡ್ಡಗಾಡು ರೈಲಿನದು, ಇಲ್ಲವೇ ಬಾಂಗ್ಲಾದೇಶದಂಥ ಬೇರೆ ಕಡೆಯದು. ಬೋಗಿಯ ಮಾಡಿನ ಮೇಲೆ ಇರುವೆಗಳಂತೆ ಜನ ಕೂತಿರುವ ಚಿತ್ರಗಳನ್ನು ಜಗತ್ತಿನ ಪತ್ರಿಕೆಗಳು ಭಾರತದ್ದೆಂದು ಹಾಕುವುದುಂಟು. ಅವುಗಳಲ್ಲಿ ಎಷ್ಟೋ ಢಾಕಾದ ಬಳಿ ಟೋಂಗಿಯಲ್ಲಿ ನಡೆಯುವ ಇಜ್ತೆಮಾ ಸಮಾವೇಶದಿಂದ ಮರಳುವವರವು. ಉಗಿ ಎಂಜಿನ್ ಕಂಡರೆ ಮೈಸೂರಿನ ಕೆಆರ್‌ಎಸ್ ರಸ್ತೆಯ ರೈಲು ವಸ್ತುಸಂಗ್ರಹಾಲಯವನ್ನು ನೆನೆಯಿರಿ. 1979ರಲ್ಲಿ ತೆರೆದ ಆ ಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನ್, ಹಳೆಯ ಎಂಜಿನ್‌ಗಳು ನಿಂತಿವೆ. ಅವುಗಳ ಅಡಿಯಲ್ಲಿ ಹಳಿಯ ತುಂಡು ಮಾತ್ರ ಇರುತ್ತದೆ, ಹಿಂದೆ ಮುಂದೆ ದಾರಿ ಇರುವುದಿಲ್ಲ.

ತಲೆಯ ಮೇಲಿನ ವಿದ್ಯುತ್ ತಂತಿಯನ್ನೂ ನೋಡಿ. ಹದಿನೈದು ವರ್ಷದ ಹಿಂದೆ ಕೆ.ಆರ್. ನಗರದ ಮೇಲೆ ಡೀಸೆಲ್ ಗಾಡಿಗಳೇ ಓಡುತ್ತಿದ್ದವು. ಆಗಿನ ಘಟನೆಯ ಸುದ್ದಿಗೆ ತಂತಿ ಕಂಬ ಇರುವ ಚಿತ್ರ ಹೊಂದುವುದಿಲ್ಲ. ತಂತಿ ಕಂಬಗಳ ಮೇಲೆ ಕಿಲೋಮೀಟರ್ ಮತ್ತು ಕಂಬದ ಸಂಖ್ಯೆ ಬರೆದಿರುತ್ತದೆ. ಚಿತ್ರ ದೊಡ್ಡದು ಮಾಡಿ ಓದಲು ಸಿಕ್ಕರೆ ಜಾಗವನ್ನು ಗೊತ್ತುಮಾಡಲು ಅದಕ್ಕಿಂತ ಒಳ್ಳೆಯ ಸುಳಿವಿಲ್ಲ. ಎಂಜಿನ್ನಿನ ಮೇಲೆ ಬರೆದ ಶೆಡ್ಡಿನ ಹೆಸರನ್ನು ಮಾತ್ರ ಪೂರ್ತಿ ನಂಬಬೇಡಿ. ಈರೋಡಿನ ಎಂಜಿನ್ ಮೈಸೂರಿಗೂ ಬರುತ್ತದೆ, ಕೃಷ್ಣರಾಜಪುರದ ಎಂಜಿನ್ ಬೇರೆ ರಾಜ್ಯಕ್ಕೂ ಹೋಗುತ್ತದೆ.

ಕೊಡಗಿನ ರೈಲು ಎಂದ ಕೂಡಲೇ ಹಸಿರು ಬೆಟ್ಟ, ಮಂಜು, ಸೇತುವೆ ಇರುವ ಚಂದದ ಚಿತ್ರ ಹುಡುಕುವ ಚಪಲ ಪುಟ ಕಟ್ಟುವವರಿಗೆ ಇರುವುದು ಸಹಜ. ಕಲ್ಲಿನ ಕಮಾನುಗಳ ಸೇತುವೆಯ ಮೇಲೆ ನೀಲಿ ಗಾಡಿ, ಸುತ್ತ ಚಹಾ ತೋಟವಿದ್ದರೆ ಅದು ಶ್ರೀಲಂಕಾದ ಎಲ್ಲ ಎಂಬ ಊರಿನ ಬಳಿಯ ಒಂಬತ್ತು ಕಮಾನಿನ ಸೇತುವೆ ಇರಬಹುದು. ಹಿಂದೆ ಹಾಲಿನಂತೆ ಜಲಪಾತ ಧುಮುಕುತ್ತಿದ್ದರೆ ಗೋವಾ ಗಡಿಯ ದೂಧಸಾಗರ. ಸಾಲು ಸುರಂಗಗಳು ಕಂಡರೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ. ಈ ಯಾವುದೂ ಹುಣಸೂರಿನಿಂದ ಕುಶಾಲನಗರದವರೆಗಿನ ನೆಲದ ಹಾಗಿಲ್ಲ. ಆ ಹಾದಿ ಬಹುಪಾಲು ಏರಿಳಿತದ ಹೊಲ, ಹೊಗೆಸೊಪ್ಪಿನ ಬ್ಯಾರನ್, ಕೆರೆ, ತೋಪುಗಳ ಬಯಲು.

ಅಪಘಾತದ ರಾತ್ರಿ

ತಪ್ಪು ಚಿತ್ರ ಅತಿ ಹೆಚ್ಚು ನೋಯಿಸುವುದು ಅಪಘಾತದ ಹೊತ್ತಿನಲ್ಲಿ. 2024ರ ಅಕ್ಟೋಬರ್ 11ರ ರಾತ್ರಿ ಮೈಸೂರಿನಿಂದ ದರ್ಭಾಂಗಕ್ಕೆ ಹೊರಟಿದ್ದ ಬಾಗ್‌ಮತಿ ಎಕ್ಸ್‌ಪ್ರೆಸ್ ತಮಿಳುನಾಡಿನ ಕವರೈಪೇಟೆ ಬಳಿ ಲೂಪ್ ಲೈನಿಗೆ ನುಗ್ಗಿ ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿತು. ಕೆಲವರಿಗೆ ಗಾಯವಾಯಿತು, ಪ್ರಾಣಹಾನಿ ಆಗಲಿಲ್ಲ. ಆ ರಾತ್ರಿ ಮೈಸೂರು ಕಡೆಯ ಮನೆಗಳಲ್ಲಿ ಫೋನಿಗೆ ಬಂದ ಪ್ರತಿ ಚಿತ್ರವನ್ನೂ ಎದೆ ಹಿಡಿದುಕೊಂಡೇ ನೋಡುವ ಪರಿಸ್ಥಿತಿ. ಬೇರೆ ಯಾವುದೋ ವರ್ಷದ, ಸಾವಿರ ಮೈಲಿ ದೂರದ ಹೆಣಗಳ ಚಿತ್ರ ಅಂಥ ಹೊತ್ತಿನಲ್ಲಿ ಬಂದರೆ ಆ ಮನೆಯವರ ಗತಿ ಏನು? ಇಲ್ಲಿ ನೆನಪಿಡಬೇಕಾದದ್ದು ಒಂದೇ: ಘಟನೆ ನಡೆದದ್ದು ರಾತ್ರಿ. ಅದೇ ರಾತ್ರಿ ನಿಮಗೆ ಹಗಲು ಬೆಳಕಿನ ಚಿತ್ರ ಬಂದರೆ ಅದು ಆ ಅಪಘಾತದ್ದಾಗಿರಲು ಸಾಧ್ಯವೇ ಇಲ್ಲ.

2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಾಗಾ ಬಜಾರ್ ಬಳಿ ನಡೆದ ದುರಂತದಲ್ಲಿ 290ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಸಿಕ್ಕಿದ ಗಾಡಿಗಳಲ್ಲಿ ಒಂದು ಬೆಂಗಳೂರಿನ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೌರಾಕ್ಕೆ ಹೊರಟದ್ದು. ಆಗ ಮೇಲಿನಿಂದ ತೆಗೆದ ಚಿತ್ರವೊಂದರಲ್ಲಿ ಹಳಿಯ ಪಕ್ಕ ಕಾಣುತ್ತಿದ್ದ ಬಿಳಿ ಕಟ್ಟಡಕ್ಕೆ ಬಾಣದ ಗುರುತು ಹಾಕಿ, ಅದು ಮಸೀದಿ ಎಂದು ಹರಡಿದರು. ಸತ್ಯ ಪರಿಶೀಲನೆ ಮಾಡಿದವರು ಅದು ಇಸ್ಕಾನ್ ದೇವಸ್ಥಾನ ಎಂದು ತೋರಿಸಿಕೊಟ್ಟರು. ಆ ಚಿತ್ರ ಅಲ್ಲಿಯದೇ, ಅದೇ ದಿನಗಳದ್ದೇ. ಸುಳ್ಳಾಗಿದ್ದು ಅದಕ್ಕೆ ಹಚ್ಚಿದ ಮಾತು. ಅಡಿಬರಹವನ್ನೂ ಚಿತ್ರದಷ್ಟೇ ಪರೀಕ್ಷಿಸಬೇಕು ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಡ.

ದೊಡ್ಡವರು ಹಂಚಿದ್ದಾರೆ ಎಂದು ನಂಬುವುದೂ ಸರಿಯಲ್ಲ. 2019ರ ಫೆಬ್ರುವರಿಯಲ್ಲಿ ಆಗಿನ ರೈಲ್ವೆ ಸಚಿವ ಪಿಯೂಷ್ ಗೋಯಲ್ ಅವರು ಹಂಚಿಕೊಂಡ ವಂದೇ ಭಾರತ್ ವಿಡಿಯೊ ವೇಗ ಹೆಚ್ಚಿಸಿದ್ದು ಎಂದು ಗೊತ್ತಾಯಿತು. ಮೂಲ ವಿಡಿಯೊ ರೈಲು ಪ್ರಿಯರೊಬ್ಬರದು, ಅದರಲ್ಲಿ ಗಾಡಿ ಅಷ್ಟು ಜೋರಾಗಿ ಓಡಿರಲಿಲ್ಲ. ಈಗ ಕೃತಕ ಬುದ್ಧಿಮತ್ತೆ ಬರೆದುಕೊಡುವ ಚಿತ್ರಗಳೂ ಸೇರಿವೆ. 2025ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಸಣ್ಣ ಭೂಕಂಪವಾದ ಮೇಲೆ, ಲ್ಯಾಂಕಾಸ್ಟರ್‌ನ ರೈಲು ಸೇತುವೆ ಮುರಿದುಬಿದ್ದಂತೆ ಕಾಣುವ ಚಿತ್ರ ಹರಡಿತು. ರೈಲುಗಳನ್ನು ತಡೆದು ಸೇತುವೆಯನ್ನು ಪರೀಕ್ಷಿಸಿದರೆ ಅದಕ್ಕೆ ಏನೂ ಆಗಿರಲಿಲ್ಲ. ಸಾಗರಕಟ್ಟೆ ಸೇತುವೆಯ ಬಗ್ಗೆ ಇಂಥದ್ದೊಂದು ಚಿತ್ರ ಹುಟ್ಟಿದರೆ ಮೈಸೂರು–ಹಾಸನ ಗಾಡಿಗಳ ಗತಿಯೂ ಅಷ್ಟೇ. ಹೀಗೆ ಹುಟ್ಟಿದ ಚಿತ್ರದಲ್ಲಿ ಫಲಕದ ಕನ್ನಡ ಅಕ್ಷರಗಳು ಅನೇಕ ಸಲ ಅರ್ಥವಿಲ್ಲದ ಗೀಚುಗಳಾಗಿರುತ್ತವೆ, ಹಳಿಗಳು ದೂರದಲ್ಲಿ ಒಂದರೊಳಗೊಂದು ಕರಗುತ್ತವೆ, ಚಕ್ರ ಹಳಿಯ ಮೇಲೆ ಕೂತಿರುವುದಿಲ್ಲ. ಇವೆಲ್ಲ ದಿನೇ ದಿನೇ ಸುಧಾರಿಸುತ್ತಿವೆ, ಕಣ್ಣನ್ನಷ್ಟೇ ನೆಚ್ಚಿಕೊಂಡರೆ ಸಾಲದು.

ಫೋನಿನಲ್ಲೇ ಪರೀಕ್ಷಿಸುವುದು ಹೀಗೆ

ಪತ್ರಿಕೆಯಲ್ಲಿ ಅಚ್ಚಾದದ್ದಾದರೆ ಚಿತ್ರದ ಫೋಟೊ ತೆಗೆದುಕೊಳ್ಳಿ, ವಾಟ್ಸ್ಆ್ಯಪ್‌ನಲ್ಲಿ ಬಂದದ್ದಾದರೆ ಸ್ಕ್ರೀನ್‌ಶಾಟ್. ಅದರ ಮೇಲೆ ಬರೆದ ಅಕ್ಷರ, ಬಾಣ, ಚಾನೆಲ್ಲಿನ ಗುರುತು ಎಲ್ಲವನ್ನೂ ಕತ್ತರಿಸಿ ಬರಿಯ ಚಿತ್ರ ಉಳಿಸಿ. ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದೇ ಚಿತ್ರ ಬೇರೆ ಎಲ್ಲೆಲ್ಲಿ ಇದೆ ಎಂದು ತೋರಿಸುತ್ತದೆ. ಟಿನ್‌ಐ ಎಂಬ ತಾಣದಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಿಕೊಳ್ಳಬಹುದು, ನಮಗೆ ಬೇಕಾದದ್ದು ಅದೇ. ನಿನ್ನೆಯ ಘಟನೆಯ ಚಿತ್ರ ಮೂರು ವರ್ಷದ ಹಿಂದೆಯೇ ಎಲ್ಲೋ ಪ್ರಕಟವಾಗಿದ್ದರೆ ವಿಚಾರ ಅಲ್ಲಿಗೇ ತೀರ್ಮಾನವಾಯಿತು. ಏನೂ ಸಿಗದಿದ್ದರೆ ಚಿತ್ರ ನಿಜ ಎಂದು ಅರ್ಥವಲ್ಲ, ಹುಡುಕಾಟಕ್ಕೆ ಸಿಗಲಿಲ್ಲ ಎಂದಷ್ಟೇ ಅರ್ಥ.

ಊರಿನಲ್ಲಿ ಹಳಿ ಇದೆಯೇ ಎಂಬ ಪ್ರಶ್ನೆಗೆ ಓಪನ್‌ರೈಲ್ವೇಮ್ಯಾಪ್ ನೋಡಿ, ಅಥವಾ ಗೂಗಲ್ ನಕ್ಷೆಯ ಉಪಗ್ರಹ ಚಿತ್ರ. ಬೆಳಗೊಳದಿಂದ ಪಶ್ಚಿಮಕ್ಕೆ ಬೆರಳು ಸರಿಸುತ್ತಾ ಹೋಗಿ, ನಿಮ್ಮ ಕಣ್ಣೇ ಉತ್ತರ ಹೇಳುತ್ತದೆ. ಅಪಘಾತವಾಗಿದೆ ಎಂಬ ಮಾತಾದರೆ ರೈಲ್ವೆಯ 139ಕ್ಕೆ ಕರೆ ಮಾಡಿ. ರೈಲ್ವೆ ಕೇಂದ್ರ ಸರ್ಕಾರದ್ದಾದ್ದರಿಂದ ಯೋಜನೆ ಕುರಿತ ಸಂಶಯದ ಚಿತ್ರವನ್ನು ಪತ್ರಿಕಾ ಮಾಹಿತಿ ಕಚೇರಿಯ (ಪಿಐಬಿ) ಸತ್ಯ ಪರಿಶೀಲನೆ ಘಟಕಕ್ಕೂ ಕಳಿಸಬಹುದು.

ಜಮೀನಿನ ವಿಷಯ ಬಂದಾಗ ಚಿತ್ರವನ್ನು ಬದಿಗಿಟ್ಟು ಕಾಗದ ಕೇಳಿ. ಹೊಸ ಮಾರ್ಗವೊಂದು ಸಮೀಕ್ಷೆ, ವಿಸ್ತೃತ ಯೋಜನಾ ವರದಿ, ಮಂಜೂರಾತಿ, ಭೂಸ್ವಾಧೀನ, ಕಾಮಗಾರಿ ಎಂದು ಹಂತ ಹಂತವಾಗಿ ಸಾಗುತ್ತದೆ. ಕೊನೆಗೆ ರೈಲ್ವೆ ಸುರಕ್ಷತಾ ಆಯುಕ್ತರು ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲಷ್ಟೇ ಪ್ರಯಾಣಿಕರ ಗಾಡಿ ಓಡುತ್ತದೆ. ಬಜೆಟ್ ಜೊತೆ ಬರುವ ರೈಲ್ವೆಯ ಪಿಂಕ್ ಬುಕ್‌ನಲ್ಲಿ ನೈಋತ್ಯ ರೈಲ್ವೆಯ ಭಾಗ ತೆರೆದರೆ ಯಾವ ಮಾರ್ಗಕ್ಕೆ ಆ ವರ್ಷ ಎಷ್ಟು ದುಡ್ಡು ಇಟ್ಟಿದ್ದಾರೆ ಎಂಬುದು ಸಾಲು ಸಾಲಾಗಿ ಸಿಗುತ್ತದೆ. ನಿಮ್ಮ ಸರ್ವೆ ನಂಬರ್ ಸ್ವಾಧೀನದ ಅಧಿಸೂಚನೆಯಲ್ಲಿ ಇದೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಅಲ್ಲೂ ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ನಿವೇಶನ ಮಾರುವವರು ತೋರಿಸುವ ಪತ್ರಿಕೆಯ ತುಣುಕು ಈ ಯಾವುದಕ್ಕೂ ಬದಲಿ ಅಲ್ಲ.

ತಪ್ಪು ಕಂಡರೆ ಸಂಪಾದಕರಿಗೆ ಬರೆಯಿರಿ

ವಾಟ್ಸ್ಆ್ಯಪ್ ಗುಂಪಿನಲ್ಲಿ ಬೈದುಕೊಂಡರೆ ಪ್ರಯೋಜನವಿಲ್ಲ, ಪತ್ರ ಬರೆದರೆ ಉಂಟು. ಕೋಪ ಬೇಡ, ವಿವರ ಬೇಕು. ಹೀಗೆ ಬರೆಯಬಹುದು: ‘ಮಾನ್ಯರೇ, ತಮ್ಮ ಪತ್ರಿಕೆಯ ಇಂಥ ದಿನದ, ಇಂಥ ಪುಟದ, ಹುಣಸೂರು ರೈಲು ಮಾರ್ಗದ ಸುದ್ದಿಯೊಂದಿಗೆ ಅಚ್ಚಾದ ಚಿತ್ರ ಹುಣಸೂರಿನದಲ್ಲ. ಹುಣಸೂರಿನಲ್ಲಿ ರೈಲು ಮಾರ್ಗವಿಲ್ಲ. ಚಿತ್ರದಲ್ಲಿರುವ ಫಲಕದ ಪ್ರಕಾರ ಅದು ಇಂಥ ನಿಲ್ದಾಣದ್ದು. ಇದರಿಂದ ಮಾರ್ಗ ಆಗಲೇ ಬಂದಿದೆ ಎಂಬ ಭಾವನೆ ಮೂಡುತ್ತದೆ. ದಯವಿಟ್ಟು ಅದೇ ಪುಟದಲ್ಲಿ ತಿದ್ದುಪಡಿ ಹಾಕಿ, ಆನ್‌ಲೈನ್ ಪ್ರತಿಯಲ್ಲೂ ಚಿತ್ರ ಬದಲಿಸಿ, ತಮ್ಮ ಸಂಗ್ರಹದಲ್ಲೂ ಅಡಿಬರಹ ಸರಿಪಡಿಸಿ.’ ಕೊನೆಯ ಬೇಡಿಕೆಯನ್ನು ಮರೆಯಬೇಡಿ. ಸಂಗ್ರಹದಲ್ಲಿ ಸರಿಯಾಗದಿದ್ದರೆ ಅದೇ ಚಿತ್ರ ಮತ್ತೆ ಬರುತ್ತದೆ. ಪುಟದ ಫೋಟೊವನ್ನು ಪತ್ರದ ಜೊತೆ ಇಡಿ, ಒಂದು ಪ್ರತಿ ನಿಮ್ಮಲ್ಲೂ ಇರಲಿ.

ಬರೆದದ್ದಕ್ಕೆ ಬೆಲೆ ಸಿಗದೆ, ತಪ್ಪು ಗಂಭೀರವೂ ಆಗಿದ್ದರೆ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಮೊದಲು ಸಂಪಾದಕರಿಗೆ ಬರೆದಿರಬೇಕು ಎಂಬುದು ಅದರ ನಿಯಮ. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ದೂರು ತಲುಪಬೇಕು. ಮಂಡಳಿ ದಂಡ ಹಾಕುವುದಿಲ್ಲ, ಎಚ್ಚರಿಸುತ್ತದೆ, ಖಂಡಿಸುತ್ತದೆ. ಟಿ.ವಿ. ಚಾನೆಲ್‌ಗಳು ಅದರ ವ್ಯಾಪ್ತಿಗೆ ಬರುವುದಿಲ್ಲ, ಅವುಗಳಿಗೆ ನೇರ ಚಾನೆಲ್ಲಿನ ದೂರು ಅಧಿಕಾರಿಗೇ ಬರೆಯಬೇಕು.

ಪತ್ರಿಕೆಯವರಲ್ಲಿ ನನ್ನದೊಂದು ಕೋರಿಕೆ: ಇಲ್ಲದ ರೈಲಿನ ಸುದ್ದಿಗೆ ರೈಲಿನ ಚಿತ್ರವೇ ಯಾಕೆ ಬೇಕು? ಬೆಳಗೊಳದಿಂದ ಕುಶಾಲನಗರದವರೆಗೆ ಗೆರೆ ಎಳೆದ ನಕ್ಷೆಯೊಂದು ಓದುಗನಿಗೆ ಹತ್ತು ಪಾಲು ಹೆಚ್ಚು ತಿಳಿಸುತ್ತದೆ. ಹುಣಸೂರು ಬಸ್ ನಿಲ್ದಾಣದಲ್ಲಿ ಬೆಳಗಿನ ನೂಕುನುಗ್ಗಲು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಬೇಲುಗಳನ್ನು ಹೇರಿಕೊಂಡು ನಿಂತ ಲಾರಿಗಳು, ಸಮೀಕ್ಷೆಯವರು ಹೊಲದಲ್ಲಿ ನೆಟ್ಟ ಕಲ್ಲು ಇದ್ದರೆ ಅದು. ರೈಲು ಯಾಕೆ ಬೇಕು ಎಂಬುದನ್ನು ಈ ಚಿತ್ರಗಳೇ ಹೇಳುತ್ತವೆ. ಕಂಪ್ಯೂಟರಿನಲ್ಲಿ ಬಿಡಿಸಿದ ಮುಂದಿನ ನಿಲ್ದಾಣದ ಚಿತ್ರ ಹಾಕುವುದಾದರೆ ‘ಕಲ್ಪನಾ ಚಿತ್ರ’ ಎಂದು ಅದರ ಮೇಲೆಯೇ ಬರೆಯಲಿ, ಮೂಲೆಯಲ್ಲಿ ಅಲ್ಲ.

ನಾವು ಮಾಡಬಹುದಾದ ಕೆಲಸವೂ ಒಂದಿದೆ. ಸರಿಯಾದ ಹೆಸರಿರುವ ಚಿತ್ರಗಳ ಕೊರತೆಯೇ ತಪ್ಪಿಗೆ ಅರ್ಧ ಕಾರಣ. ಕೆ.ಆರ್. ನಗರದ ಕಾಲೇಜು ಹುಡುಗ ಹುಡುಗಿಯರು ತಮ್ಮ ನಿಲ್ದಾಣದ, ಫಲಕದ, ಗೇಟಿನ, ಸಾಗರಕಟ್ಟೆ ಸೇತುವೆಯ ಚಿತ್ರಗಳನ್ನು ತೆಗೆದು ವಿಕಿಮೀಡಿಯ ಕಾಮನ್ಸ್‌ನಲ್ಲಿ ಮುಕ್ತ ಪರವಾನಗಿಯೊಂದಿಗೆ ಹಾಕಿದರೆ ಯಾವ ಉಪಸಂಪಾದಕನಾದರೂ ರಾತ್ರಿ ಹನ್ನೊಂದಕ್ಕೂ ಎತ್ತಿಕೊಳ್ಳಬಹುದು. ಹಳಿಯ ಮೇಲೆ ನಿಂತು ತೆಗೆಯಬೇಡಿ. ಅದು ಅಪಾಯ, ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡವಿರುವ ಅಪರಾಧ ಕೂಡ. ಸೇತುವೆಯನ್ನು ಪಕ್ಕದ ರಸ್ತೆಯಿಂದ, ಗಾಡಿಯನ್ನು ಪ್ಲಾಟ್‌ಫಾರಂನಿಂದ ತೆಗೆಯಿರಿ. ಕಡತದ ಹೆಸರಿನಲ್ಲಿ ‘ರೈಲು 1’ ಎಂದು ಬಿಡದೆ ನಿಲ್ದಾಣದ ಪೂರ್ತಿ ಹೆಸರು, ತಾಲ್ಲೂಕು, ಜಿಲ್ಲೆ, ತೆಗೆದ ದಿನಾಂಕ, ಗಾಡಿಯ ಸಂಖ್ಯೆ ಬರೆಯಿರಿ. ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿತ್ತು, ಮೈಸೂರಿನ ಕಡೆಗೋ ಹಾಸನದ ಕಡೆಗೋ ಎಂಬುದನ್ನೂ ಸೇರಿಸಿ.